ಗೊರಸು ನೆನೆದರೆ ಹೋಗು

ಹೊನ್ನಾಳಿಯಿಂದ ನ್ಯಾಮತಿ ಕಡೆಗೆ ತುಂಗಭದ್ರೆಯ ದಂಡೆ ಹಿಡಿದು ಹೋಗುವ ಒಳದಾರಿಗೆ ಈಗ ದೊಡ್ಡ ಹೆಸರು. ಎರಡು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಕಾರಿನ ಮುಂದೆ ಕ್ಯಾಮೆರಾ ಕಟ್ಟಿಕೊಂಡು ಆ ದಾರಿಯಲ್ಲಿ ಬಂದ. ಒಂದು ಕಡೆ ಗದ್ದೆ, ತೋಟ. ಇನ್ನೊಂದು ಕಡೆ ಬಂಡೆಗಳ ಮೇಲೆ ನೊರೆ ಕಾರುತ್ತ ಹರಿಯುವ ಹೊಳೆ. ನಡುವೆ ಮಣ್ಣಿನ ದಾರಿ. ಹಿಂದೊಂದು ಹಾಡು ಹಾಕಿ ಫೋನಿಗೆ ಬಿಟ್ಟ. ಅಲ್ಲಿಗೆ ಮುಗಿಯಿತು. ದಾವಣಗೆರೆ, ಶಿವಮೊಗ್ಗ, ಚನ್ನಗಿರಿ, ಅಷ್ಟೇಕೆ, ಹೊಳೆಯನ್ನೇ ಕಾಣದ ಜಗಳೂರಿನಿಂದಲೂ ಭಾನುವಾರ ಬಂತೆಂದರೆ ಕಾರುಗಳು ಸಾಲುಗಟ್ಟಿದವು. ನಾವು ಎಮ್ಮೆ ಹೊಡೆದುಕೊಂಡು ಓಡಾಡುವ ದಾರಿಯನ್ನು ನೋಡಲು ಜನ ಪೆಟ್ರೋಲು ಸುಟ್ಟುಕೊಂಡು ಬರುತ್ತಾರೆಂದು ನಮಗೆ ನಗು.

ನಾನು ನಿಯಾಜ್ ಅಹಮದ್, ಗಾರೆ ಕೆಲಸದ ಮೇಸ್ತ್ರಿ. ನಮ್ಮೂರು ಆ ದಾರಿಯ ಮಧ್ಯದಲ್ಲಿದೆ. ನನ್ನ ಅಳಿಯ ಶಾಹಿದ್ ಚನ್ನಗಿರಿಯವನು, ಬಾಡಿಗೆ ಕಾರು ಓಡಿಸುತ್ತಿದ್ದ. ಕಳೆದ ಜುಲೈನಲ್ಲಿ ನಮ್ಮೂರಿನ ಹಳ್ಳದಲ್ಲಿ ಕಾರು ಕೊಚ್ಚಿಹೋಗಿ ಅವನೂ ಅವನ ಗಾಡಿಯಲ್ಲಿದ್ದ ಒಬ್ಬರೂ ಸತ್ತರು. ಡ್ರೈವರನದೇ ತಪ್ಪು ಎಂದು ಊರೆಲ್ಲ ಹೇಳಿತು. ಅಲ್ಲ ಎಂದು ಹೇಳಬಲ್ಲವನು ಭೂಮಿಯ ಮೇಲೆ ನಾನೊಬ್ಬನೇ. ಆ ನಾನು ನಾಲ್ಕು ತಿಂಗಳು ಹತ್ತು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅದನ್ನೇ ಈಗ ಹೇಳಲು ಕೂತಿದ್ದೇನೆ.

ನಮ್ಮೂರು ದಾಟಿ ನ್ಯಾಮತಿ ಕಡೆಗೆ ಎರಡು ಫರ್ಲಾಂಗು ಹೋದರೆ ಕರೇಹಳ್ಳ ಬಂದು ಹೊಳೆ ಸೇರುತ್ತದೆ. ಹಳ್ಳಕ್ಕೊಂದು ಕುಳ್ಳ ಸೇತುವೆ, ಪಕ್ಕಕ್ಕೆ ಗೋಡೆಯಿಲ್ಲ. ಹೊಳೆ ತುಂಬಿದ್ದಾಗ ಹಳ್ಳದ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ; ಹಿಂದೆ ಮಳೆ ಜೋರಾದರೆ ಹಳ್ಳವೂ ಬಿಡುವುದಿಲ್ಲ. ಇಬ್ಬರ ಜಗಳದಲ್ಲಿ ಸೇತುವೆ ಮುಳುಗುತ್ತದೆ. ನೀರು ಕೆಂಪಗೆ, ಗಟ್ಟಿ ಚಹಾದ ಹಾಗೆ. ಕೆಳಗೆ ಎಷ್ಟು ಆಳವಿದೆ ಎನ್ನುವುದು ಹೊಸಬರಿಗೆ ತಿಳಿಯುವುದಿಲ್ಲ.

ಅದಕ್ಕೇ ಬಸವಣ್ಣನಿದ್ದ. ಸೇತುವೆಯ ನಮ್ಮೂರ ಕಡೆಯ ತುದಿಯಲ್ಲಿ, ದಾರಿಯ ಮಗ್ಗುಲಿಗೆ, ಬಂಡೆಯ ಮೇಲೆ ಕಾಲು ಮಡಿಸಿ ಕೂತ ಕಲ್ಲಿನ ಬಸವಣ್ಣ. ಯಾರು ಯಾವ ಕಾಲದಲ್ಲಿ ತಂದಿಟ್ಟರೋ ಗೊತ್ತಿಲ್ಲ. ನಮ್ಮ ಅಜ್ಜನ ಕಾಲದಿಂದಲೂ ಜಾತಿ ಮತ ಎನ್ನದೆ ಎಲ್ಲರಿಗೂ ಅದೇ ಅಳತೆಗೋಲು. ನೀರು ಅವನ ಮುಂಗಾಲಿನ ಗೊರಸು ಮುಟ್ಟಿದ್ದರೆ ಸೇತುವೆಯ ಮೇಲೆ ಪಾದ ಮುಳುಗುವಷ್ಟು ನೀರು, ಗಾಡಿ ಹೋಗುತ್ತದೆ. ಕೊರಳ ಗಂಟೆ ಮುಟ್ಟಿದ್ದರೆ ತೊಡೆಯುದ್ದ ನೀರು, ಆನೆಯಾದರೂ ನಿಲ್ಲಬೇಕು. ಗೊರಸು ನೆನೆದರೆ ಹೋಗು, ಗಂಟೆ ನೆನೆದರೆ ನಿಲ್ಲು. ನಮ್ಮೂರಲ್ಲಿ ಮಕ್ಕಳು ಮಗ್ಗಿಗಿಂತ ಮೊದಲು ಇದನ್ನು ಕಲಿಯುತ್ತವೆ. ನನ್ನ ಮಗಳು ರುಹೀನಾಳಿಗೆ ನಾನೇ ಕಲಿಸಿದ್ದೆ. ಮದುವೆಯಾದ ಹೊಸದರಲ್ಲಿ ಶಾಹಿದ್ ಬಂದಾಗ ಅವನನ್ನೂ ಕರೆದುಕೊಂಡು ಹೋಗಿ ತೋರಿಸಿದ್ದೆ. "ನಮ್ ಕಡೆ ಚಾನಲ್ ನೀರು ಮಾಮು, ಹೇಳಿದಂಗೆ ಕೇಳ್ತೈತೆ. ಇದೆಲ್ಲ ನಂಗೊತ್ತಾಗಲ್ಲ," ಎಂದಿದ್ದ. "ಗೊತ್ತಾಗ್ದಿದ್ರೆ ನನ್ ಕೇಳು," ಎಂದಿದ್ದೆ.

ಕಾರಿನ ಜನ ಬರತೊಡಗಿದ ಮೇಲೆ ಬಸವಣ್ಣನಿಗೆ ಕಷ್ಟಕಾಲ ಬಂತು. ಹೊಳೆ ಹಿಂದೆ ಕಾಣುವಂತೆ ಫೋಟೊ ತೆಗೆಸಿಕೊಳ್ಳಲು ಎಲ್ಲರೂ ಅವನ ಬೆನ್ನೇರುವವರೇ. ಸೋಮವಾರ ಸೋಮವಾರ ಹೂವಿಡುವ ಕಲ್ಲಮ್ಮ ಒಂದು ದಿನ ಅಳುತ್ತಲೇ ಊರಿಗೆ ಬಂದಳು. "ಚಪ್ಲಿ ಕಾಲಾಗೆ ಬಸವಣ್ಣನ ಮ್ಯಾಲೆ ಕುಂದರ್ತಾರೆ. ನನ್ ಕೈಲಿ ನೋಡಾಕಾಗಲ್ಲ," ಎಂದಳು. ಊರಿಗೆ ಹಿರಿಯರಾದ, ಅಡಿಕೆ ತೋಟದ ವಿರೂಪಾಕ್ಷಪ್ಪ ನನ್ನನ್ನು ಕರೆಸಿದರು.

"ಮೇಸ್ತ್ರಿ, ಒಂದು ಕಟ್ಟೆ ಕಟ್ಟಿ ಬಸವಣ್ಣನ್ನ ಮ್ಯಾಲೆ ಕೂರ್ಸಾನ. ಕಟ್ಟೆ ಮ್ಯಾಲಿದ್ರೆ ದೇವರು ಅಂತಾರೆ, ನೆಲದ ಮ್ಯಾಲಿದ್ರೆ ಕಲ್ಲು ಅಂತಾರೆ. ಈ ಜನದ ಬುದ್ಧಿನೇ ಅಷ್ಟು."

ಊರ ಬಸವಣ್ಣನ ಕೆಲಸ ನನ್ನ ಕೈಗೆ ಬಂತೆಂದು ನಾನು ಹಿಗ್ಗಿದೆ. ಅದು ಮಾರ್ಚ್ ತಿಂಗಳು, ಹಳ್ಳ ಒಣಗಿತ್ತು. ಚೈನ್ ಪುಲ್ಲಿ ಕಟ್ಟಿ ಬಸವಣ್ಣನನ್ನು ಹೂವಿನಂತೆ ಎತ್ತಿದೆ. ಕೆಳಗೆ ಒಂದೂವರೆ ಅಡಿ ಕಟ್ಟೆ ಕಟ್ಟಿ, ಸುತ್ತ ಕಪ್ಪು ಗ್ರಾನೈಟ್ ಹೊದಿಸಿದೆ. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಟ್ಟನಡುವೆ ನಿಂತಿತು. ಹೊಳೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವ ಗಾದ್ರಪ್ಪ ನೋಡಿ, "ಬಸವಣ್ಣಂಗೆ ಈಗ ಹೊಳೆ ಚೆನ್ನಾಗಿ ಕಾಣ್ತೈತೆ ಬಿಡು," ಎಂದ. ಎಲ್ಲರೂ ನಕ್ಕರು. ಕಾಯಿ ಒಡೆದರು, ನನಗೇ ಮೊದಲು ಪ್ರಸಾದ ಕೊಟ್ಟರು. ಅಲ್ಲಿ ಇನ್ನೂರು ಜನರಿದ್ದೆವು. ಬಸವಣ್ಣ ಒಂದೂವರೆ ಅಡಿ ಮೇಲೆದ್ದ ಮೇಲೆ ಗೊರಸಿನ ಲೆಕ್ಕ ಏನಾಯಿತು ಎಂದು ಇನ್ನೂರರಲ್ಲಿ ಒಬ್ಬನೂ ಕೇಳಲಿಲ್ಲ. ಉಳಿದವರ ಮಾತು ಬಿಡಿ. ಅಡಿ ಅಂಗುಲ ಅಳೆದೇ ಹೊಟ್ಟೆ ಹೊರೆಯುವ ನಾನೂ ಕೇಳಿಕೊಳ್ಳಲಿಲ್ಲ.

ಜುಲೈನಲ್ಲಿ ಹದಿನೈದು ದಿನ ಬಿಡದೆ ಮಳೆ ಹಿಡಿಯಿತು. ಮೇಲೆ ಅಣೆಕಟ್ಟಿನ ಗೇಟು ತೆಗೆದು ಹೊಳೆ ತುಂಬಿತ್ತು. ಆ ಭಾನುವಾರ ಮಳೆ ಸ್ವಲ್ಪ ಹೊಳವಾಗಿತ್ತು. ನಾನು ನ್ಯಾಮತಿಯಲ್ಲಿ ಒಂದು ಮಹಡಿ ಮನೆಯ ಒಳಗೋಡೆಗೆ ಗಾರೆ ಬಳಿಯುತ್ತಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಫೋನು ಬಂತು. ಕೈಯೆಲ್ಲ ಸಿಮೆಂಟು. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡೆ.

"ಮಾಮು, ನಾನು ಶಾಹಿದ್. ಕರೇಹಳ್ಳದ ಹತ್ರ ಅದೀನಿ. ತ್ಯಾವಣಿಗೆಯೋರು, ಗಂಡ ಹೆಂಡ್ತಿ, ಹೊಳೆದಾರಿ ತೋರ್ಸು ಅಂದ್ರು. ಹಂಗೇ ಹಳ್ಳದಾಚೆ ಸೂರಗೊಂಡನಕೊಪ್ಪದ ಗುಡಿಗೂ ಹೋಗೋದೈತೆ. ಸೇತುವೆ ಮ್ಯಾಲೆ ನೀರು ಬಂದೈತಲ್ಲ, ಹೋಗ್ಲಾ, ತಿರುಗಿಸ್ಲಾ?"

"ಬಸವಣ್ಣನ ಎಲ್ಲಿಗೈತೆ ನೀರು?"

"ಈಗ ಗೊರಸಿಗೆ ಬಡೀತೈತೆ. ಗಂಟೆ ಒಣಗೇ ಐತೆ."

"ಗೊರಸು ತಾನೆ? ಹೋಗು ಹೋಗು. ಒಂದನೇ ಗೇರಿನಾಗೇ ಇರು, ನಡುವೆ ನಿಲ್ಲಿಸಬ್ಯಾಡ."

ಅವನು ಒಂದು ಮಾತು ಅಂದು ಫೋನಿಟ್ಟ. ಆ ಮಾತನ್ನು ಆಮೇಲೆ ಹೇಳುತ್ತೇನೆ, ಈಗ ನನ್ನಿಂದಾಗದು. ಕಲಸಿದ್ದ ಗಾರೆ ಬಿಗಿಯುತ್ತಿತ್ತು. ನಾನು ಕರಣೆ ಎತ್ತಿಕೊಂಡು ಇನ್ನೂ ಎರಡು ಬಾಂಡ್ಲಿ ಗಾರೆ ಬಳಿದೆ. ಗೋಡೆ ಕನ್ನಡಿಯ ಹಾಗೆ ಬಂತು ಎಂದು ಖುಷಿಯೂ ಪಟ್ಟೆ.

ಯಾಕೆ ಹಾಗೆ ಹೇಳಿದೆ ಎಂದು ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಕಟ್ಟೆ ಕಟ್ಟಿದವನು ನಾನು. ಅದರ ಒಂದೊಂದು ಕಲ್ಲೂ ನನಗೆ ಗೊತ್ತು. ಆದರೆ ಐವತ್ತು ವರ್ಷ ನೋಡಿದ ಬಸವಣ್ಣ ನನ್ನ ತಲೆಯೊಳಗೆ ಬಂಡೆಯ ಮೇಲೇ ಕೂತಿದ್ದ. ಅವನನ್ನು ಅಲ್ಲಿಂದ ಎತ್ತಲು ನನ್ನ ಚೈನ್ ಪುಲ್ಲಿಗೆ ಆಗಿರಲಿಲ್ಲ. ನಾಲಿಗೆ ಹಳೆಯ ಪಾಠ ಒಪ್ಪಿಸಿಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುತ್ತು ಹೋದರೆ ಹೋಗಲಿ, ಇನ್ನೊಂದು ಬರುತ್ತದೆ.

ಮುಕ್ಕಾಲು ಗಂಟೆಯ ಮೇಲೆ ವಿರೂಪಾಕ್ಷಪ್ಪನವರ ಫೋನು. "ಮೇಸ್ತ್ರಿ, ನಿನ್ ಅಳಿಯಂದು ಬಿಳಿ ಕಾರೇನಪ್ಪ? ಬೇಗ ಹಳ್ಳದ ಹತ್ರ ಬಾ."

ನನ್ನ ಟಿವಿಎಸ್ ಹೇಗೆ ಓಡಿಸಿದೆನೋ ಕಾಣೆ. ನ್ಯಾಮತಿ ಕಡೆಯಿಂದ ಬಂದದ್ದರಿಂದ ನಾನು ಹಳ್ಳದ ಆಚೆ ದಂಡೆಯಲ್ಲಿ ನಿಂತೆ. ಈಚೆ ದಂಡೆಯಲ್ಲಿ ಊರ ಜನ ಸೇರಿದ್ದರು. ಕೆಳಗೆ ಹೊಳೆಯ ಬಾಯಲ್ಲಿ ಒಂದು ಹೊಂಗೆಮರ ಅರ್ಧ ಮುಳುಗಿತ್ತು. ಅದರ ಕೊಂಬೆಗೆ ಜೋತುಬಿದ್ದಿದ್ದ ಹೆಂಗಸನ್ನು ಗಾದ್ರಪ್ಪ ತೆಪ್ಪಕ್ಕೆ ಎಳೆದುಕೊಳ್ಳುತ್ತಿದ್ದ. ಕಾರು ಎಲ್ಲೂ ಕಾಣಲಿಲ್ಲ. ಆಗ ನಾನು ಬಸವಣ್ಣನ ಕಡೆ ನೋಡಿದೆ. ಕಟ್ಟೆ ಇರಲಿಲ್ಲ. ನಾನು ಹೊದಿಸಿದ ಗ್ರಾನೈಟ್ ಇರಲಿಲ್ಲ. ಎಲ್ಲ ಕೆಂಪು ನೀರಿನ ಕೆಳಗೆ. ಬಸವಣ್ಣ ಮೊದಲಿನ ಹಾಗೆಯೇ, ನೆಲದ ಮೇಲೆ ಕೂತವನಂತೆ, ಗೊರಸು ಮಾತ್ರ ನೆನೆಸಿಕೊಂಡು ಕೂತಿದ್ದ. ನನಗೆ ಅಲ್ಲಿಯೇ ಎಲ್ಲ ತಿಳಿಯಿತು.

ಶಾಹಿದ್ ಮರುದಿನ ಸಿಕ್ಕ. ತ್ಯಾವಣಿಗೆಯ ಮಹಾಂತೇಶ್, ಪ್ರಯಾಣಿಕ, ಅದರ ಮರುದಿನ. ಬದುಕಿದ್ದು ಮಹಾಂತೇಶನ ಹೆಂಡತಿ ಹೇಮಾವತಿ ಒಬ್ಬಳೇ. ಅವರ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಶಾಹಿದನ ಫೋನು ಹೊಳೆ ಪಾಲಾಯಿತು. ನನ್ನ ಫೋನಿನಲ್ಲಿದ್ದ ಅವನ ಕೊನೆಯ ಕರೆಯನ್ನು, ಅವನನ್ನು ಚನ್ನಗಿರಿಯಲ್ಲಿ ಮಣ್ಣು ಮಾಡಿ ಬಂದ ದಿನವೇ ನಾನು ಅಳಿಸಿದೆ. ಕೈ ನಡುಗಲಿಲ್ಲ. ಅದಕ್ಕೇ ಇವತ್ತಿಗೂ ನನ್ನ ಕೈ ನೋಡಿಕೊಂಡರೆ ನನಗೆ ಹೇಸಿಗೆ.

ಹೇಮಾವತಿ ಪೊಲೀಸರ ಮುಂದೆ ಹೇಳಿದ್ದು ಇಷ್ಟೇ: "ಗಾಡಿ ನಿಲ್ಲಿಸಿ ಇಳಿದ್ರು. ಬಸವಣ್ಣನ್ನ ನೋಡಿದ್ರು. ಫೋನಾಗೆ ಮಾತಾಡಿದ್ರು. ಬಂದು ಏನಾಗಲ್ಲ ಅಂತ ಗಾಡಿ ಬಿಟ್ರು." ಈ ಮಾತು ಹೊನ್ನಾಳಿ ಸೇತುವೆ ದಾಟುವಷ್ಟರಲ್ಲಿ ಡ್ರೈವರ್ ಫೋನಿನಲ್ಲಿ ಮಾತಾಡುತ್ತ ನೀರಿಗೆ ಗಾಡಿ ಇಳಿಸಿದ ಎಂದಾಯಿತು. ಚನ್ನಗಿರಿ ಬಸ್‌ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಯಾವಳ ಜೊತೆಗೋ ಮಾತಾಡುತ್ತಿದ್ದ ಎಂದಾಯಿತು. ಬಿದ್ದವರ ಮೇಲೆ ಆಳಿಗೊಂದು ಕಲ್ಲು. ಸತ್ತವನ ಮೇಲಿನ ಕೇಸು, ಹೆಚ್ಚು ಕೆದಕುವವರೂ ಇರಲಿಲ್ಲ. ಮಹಾಂತೇಶನ ಅಣ್ಣ ಶಾಹಿದನ ಮನೆಯ ಬಾಗಿಲಿಗೇ ಬಂದು, "ನಿಮ್ ಮಗ ನಮ್ ಹುಡುಗನ್ನ ಕೊಂದ," ಎಂದು ಕೂಗಾಡಿ ಹೋದ. ಶಾಹಿದನ ತಾಯಿ ಆಸ್ಮಾ ಅಂಗಡಿಗೆ ಹೋಗುವುದನ್ನೂ ಬಿಟ್ಟರು.

ರುಹೀನಾ ಅದೇ ಮನೆಯಲ್ಲಿ ಇದ್ದತ್ ಕೂತಿದ್ದಳು. ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುವುದು ನಮ್ಮಲ್ಲಿನ ಪದ್ಧತಿ. ಪ್ರತಿ ಗುರುವಾರ ನಾನೂ ನನ್ನ ಹೆಂಡತಿ ತಾಜ್‌ಬೀಯೂ ಹೋಗಿ ನೋಡಿ ಬರುತ್ತಿದ್ದೆವು. ಮೂರನೆಯ ಗುರುವಾರ ತಾಜ್‌ಬೀ ಒಳಗೆ ಆಸ್ಮಾ ಅವರ ಹತ್ತಿರ ಕೂತಿದ್ದಾಗ ರುಹೀನಾ ತಲೆ ಎತ್ತದೆ ಕೇಳಿದಳು.

"ಅಬ್ಬಾ, ಆವತ್ತು ಅವ್ರು ಫೋನಾಗೆ ಯಾರ ಜೊತೆ ಮಾತಾಡ್ತಿದ್ರು? ನಿಮಗೇನಾದ್ರೂ ಗೊತ್ತೈತಾ?"

ಅವಳ ಕೈಯಲ್ಲಿ ಶಾಹಿದನ ಅಂಗಿ ಇತ್ತು. ಅದರ ಗುಂಡಿಯೊಂದನ್ನು ತಿರುವುತ್ತಲೇ ಇದ್ದಳು. ಬೀದಿಯ ಮಾತು ಅವಳ ಕಿವಿಗೂ ಬಿದ್ದಿದೆ, ಅದು ಅವಳನ್ನು ಒಳಗೇ ತಿನ್ನುತ್ತಿದೆ ಎಂದು ನನಗೆ ಗೊತ್ತಾಯಿತು. ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಗೊತ್ತಿಲ್ಲ ಬೇಟಿ," ಎಂದೆ.

ಹೆದರಿದ್ದೆ. ಅವಳು ನನಗಿರುವ ಒಂದೇ ಮಗಳು. ಗಂಡನ ಬಗ್ಗೆ ಸಂಶಯ ಇಟ್ಟುಕೊಂಡಾದರೂ ಬದುಕುತ್ತಾಳೆ, ಅಪ್ಪನೇ ಕೊಂದ ಎಂದು ತಿಳಿದರೆ ನನ್ನ ಮುಖ ನೋಡುತ್ತಾಳೆಯೇ? ಸತ್ತವನಿಗೇನು, ಮಾತು ತಾಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಂಥ ಸಮಾಧಾನಗಳು ಕಳ್ಳನಿಗೆ ಬೇಗ ಸಿಗುತ್ತವೆ.

ಆದರೂ ಒಂದು ಕೆಲಸ ಮಾಡಿದ್ದೆ. ನೀರಿಳಿದ ವಾರವೇ ಕೆಂಪು ಬಣ್ಣ ತೆಗೆದುಕೊಂಡು ಹೋಗಿ, ಕಟ್ಟೆಯ ಬುಡದಿಂದ ಒಂದು ಗೇಣು ಮೇಲೆ ಗೆರೆ ಎಳೆದು, "ನೀರು ಈ ಗೆರೆ ಮುಟ್ಟಿದರೆ ದಾಟಬೇಡಿ" ಎಂದು ದಪ್ಪಕ್ಷರದಲ್ಲಿ ಬರೆದೆ. ಇನ್ನೊಬ್ಬರ ಮನೆ ಹಾಳಾಗದಿರಲಿ ಎಂದು ಬರೆದೆ, ಅದು ನಿಜ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೆ ಊರು ಇದನ್ನು ಬೇರೆಯೇ ಆಗಿ ಓದಿಕೊಂಡಿತು. "ಅಳಿಯನ್ನ ಕಳಕೊಂಡ್ರೂ ಬ್ಯಾರೆಯೋರ ಜೀವ ಉಳಿಸಾಕೆ ನೋಡ್ತಾನಲ್ಲ, ದೊಡ್ಡ ಮನಸು," ಎಂದು ವಿರೂಪಾಕ್ಷಪ್ಪ ಕಣ್ಣೊರೆಸಿಕೊಂಡರು. ಆಗಸ್ಟ್ ಹದಿನೈದರಂದು ಊರ ಶಾಲೆಯಲ್ಲಿ ಧ್ವಜ ಏರಿಸಿದ ಮೇಲೆ ನನ್ನನ್ನು ಮುಂದೆ ಕರೆದು ಶಾಲು ಹೊದಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದವು. ನಾನು ತಲೆ ಬಗ್ಗಿಸಿ ಹೊದಿಸಿಕೊಂಡೆ. ಆ ಶಾಲು ಇನ್ನೂ ಬೀರುವಿನಲ್ಲಿದೆ. ತಾಜ್‌ಬೀ ಅದನ್ನು ಮಡಿಸಿಡುವಾಗಲೂ ಅವಳಿಗೆ ನಾನು ಹೇಳಲಿಲ್ಲ.

ನವೆಂಬರ್ ಕೊನೆಗೆ ಇದ್ದತ್ ಮುಗಿಯಿತು. ರುಹೀನಾ ನಮ್ಮ ಮನೆಗೆ ಬಂದಳು. ಮೂವತ್ತು ವರ್ಷವೂ ತುಂಬದ ಹುಡುಗಿ, ಕಣ್ಣ ಕೆಳಗೆ ಮಸಿ ಬಳಿದಂತೆ ಆಗಿತ್ತು. ಮರುದಿನ ಬೆಳಿಗ್ಗೆ ಚಹಾ ಕುಡಿದವಳೇ, "ಅಬ್ಬಾ, ನನ್ನ ಹಳ್ಳದ ಹತ್ರ ಕರ್ಕೊಂಡ್ ಹೋಗ್ರಿ. ಜಾಗ ನೋಡ್ಬೇಕು," ಎಂದಳು. ತಾಜ್‌ಬೀ ಬೇಡವೆಂದಳು. ಅವಳು ಕೇಳಲಿಲ್ಲ. ಟಿವಿಎಸ್ ಹೊರಗೆ ತೆಗೆದೆ. ಅವಳು ಹಿಂದೆ ಕೂತು, ಶಾಲೆಗೆ ಹೋಗುವಾಗ ಹಿಡಿಯುತ್ತಿದ್ದ ಹಾಗೆ ನನ್ನ ಭುಜ ಹಿಡಿದುಕೊಂಡಳು.

ಹಳ್ಳದಲ್ಲಿ ನೀರು ಸಣ್ಣಗೆ ಹರಿಯುತ್ತಿತ್ತು. ಸೇತುವೆ ಒಣಗಿತ್ತು. ಯಾವುದೋ ಕಾರು ನಿಧಾನಕ್ಕೆ ದಾಟಿ ಹೋಯಿತು, ಒಳಗಿದ್ದವರು ಹೊಳೆಯ ಕಡೆ ಫೋನು ಹಿಡಿದಿದ್ದರು. ರುಹೀನಾ ಸೇತುವೆಯ ತುದಿಗೆ ನಿಂತು ಬಹಳ ಹೊತ್ತು ಕೆಳಗೆ ನೋಡಿದಳು. ಆಮೇಲೆ ಬಸವಣ್ಣನ ಕಡೆ ತಿರುಗಿದಳು.

"ಬಸವಣ್ಣ ಎತ್ತರ ಆಗ್ಯಾನಲ್ಲ. ಇದ್ಯಾವಾಗ ಕಟ್ಟಿದ್ರು?"

"ಮಾರ್ಚ್‌ನಾಗೆ."

"ಯಾರು?"

"ನಾನೇ."

ಅವಳು ಬಂದು ಗೊರಸು ಮುಟ್ಟಿದಳು. ಕಟ್ಟೆಯ ಬುಡದ ಕೆಂಪು ಗೆರೆ ನೋಡಿದಳು. ಮತ್ತೆ ಗೊರಸು ನೋಡಿದಳು. ಹಳ್ಳದ ದಂಡೆಯಲ್ಲಿ ಬೆಳೆದ ಹುಡುಗಿ. ಇನ್ನೂರು ಜನರಿಗೆ ತಿಳಿಯದ್ದು ಅವಳಿಗೆ ತಿಳಿಯಲು ಒಂದು ನಿಮಿಷ ಹಿಡಿಯಲಿಲ್ಲ.

"ಯಾ ಅಲ್ಲಾ," ಎಂದಳು. "ಅವ್ರು ಇದನ್ನ ನೋಡೇ ಹೋಗ್ಯಾರೆ. ಗೊರಸು ಅಂತ ಹೋಗ್ಯಾರೆ ಪಾಪ. ನೀರಿನ ಕೆಳಗೆ ಕಟ್ಟೆ ಐತೆ ಅಂತ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು?" ನನ್ನ ಕಡೆ ತಿರುಗಿದಳು. "ಊರೋರ್ನ ಯಾರನ್ನಾದ್ರೂ ಒಂದ್ ಮಾತು ಕೇಳಬಾರ್ದಿತ್ತಾ ಅಬ್ಬಾ? ಅಷ್ಟು ಹೊತ್ತು ಯಾರ್ ಜೊತೆಗೋ ಮಾತಾಡೋ ಬದ್ಲು, ಒಂದ್ ಮಾತು ಕೇಳಿದ್ರೆ ಏನಾಗ್ತಿತ್ತು?"

ಇಲ್ಲಿಯೂ ಸುಮ್ಮನಿರಬಹುದಿತ್ತು. ಸತ್ತ ಗಂಡನ ಮೇಲೆ ಅವಳು ಮುನಿಸಿಕೊಂಡು ನಿಂತಿದ್ದಳು. ಆ ಮುನಿಸು ನನಗೆ ಸೇರಬೇಕಾದದ್ದು. ಅವನು ಹೊತ್ತದ್ದು ಸಾಕು ಅನ್ನಿಸಿತು.

"ಕೇಳಿದ ಬೇಟಿ. ನನ್ನನ್ನೇ ಕೇಳಿದ."

"ಏನು?"

"ಆವತ್ತು ಫೋನ್ ಮಾಡಿದ್ದು ನನಗೆ. ಹೋಗ್ಲಾ ಅಂದ. ಗೊರಸು ನೆನೆದೈತೆ ಅಂದ. ನಾನು ಹೋಗು ಅಂದೆ. ಕಟ್ಟೆ ಕಟ್ಟಿದ್ದು ನನ್ ತಲೇಲೇ ಬರಲಿಲ್ಲ."

ಆಗ ಅವಳ ಮುಖದಲ್ಲಾದದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮೊದಲು ಆ ಮುಖ ಅರಳಿತು. ಹೌದು, ಅರಳಿತು. ಅವನು ಮಾತಾಡಿದ್ದು ಯಾವಳ ಜೊತೆಗೂ ಅಲ್ಲ, ಅಬ್ಬನ ಜೊತೆ. ನಾಲ್ಕು ತಿಂಗಳು ಹತ್ತು ದಿನ ಎದೆಯ ಮೇಲೆ ಹೊತ್ತಿದ್ದ ಕಲ್ಲು ಇಳಿಯಿತು. ಅರೆಗಳಿಗೆ ಅವಳು ಮದುವೆಯ ದಿನದ ರುಹೀನಾಳಂತೆ ಕಂಡಳು. ಆಮೇಲೆ ಉಳಿದ ಮಾತು ಒಳಗೆ ಇಳಿಯಿತು. ಮುಖ ಮೆಲ್ಲಗೆ ಮುಚ್ಚಿಕೊಂಡಿತು.

"ಫೋನ್ ಇಡೋ ಮುಂಚೆ ಅವ್ರು ಏನಂದ್ರು?" ಎಂದು ಕೇಳಿದಳು.

"'ಸರಿ ಮಾಮು, ನೀವು ಹೇಳಿದ ಮ್ಯಾಲೆ ಮುಗೀತು' ಅಂದ."

"ಇನ್ನೊಂದ್ ಸಲ ಹೇಳ್ರಿ."

ಹೇಳಿದೆ. ಮೂರು ಸಲ ಹೇಳಿಸಿದಳು. ಅಲ್ಲೇ ಕಟ್ಟೆಗೆ ಒರಗಿ ಕೂತುಬಿಟ್ಟೆ. ಹೊಡೆಯಲಿ, ಬೈಯಲಿ ಎಂದು ಕಾದೆ. ಅವಳು ಎರಡೂ ಮಾಡಲಿಲ್ಲ.

"ನಾನು ಕೇಳಿದಾಗ ಗೊತ್ತಿಲ್ಲ ಅಂದ್ರಿ," ಎಂದಳು. "ಕಟ್ಟೆ ಮರೆತು 'ಹೋಗು' ಅಂದಿದ್ದು ಬ್ಯಾರೆ. ಅದಕ್ಕೆ ಅಲ್ಲಾ ಅದಾನೆ. ಇದು ಮರೆತು ಹೇಳಿದ್ದಲ್ಲ."



ಅವಳು ಹಳ್ಳಕ್ಕಿಳಿದು ಮುಖ ತೊಳೆದುಕೊಂಡು ಬಂದಳು. ದುಪಟ್ಟಾ ಸರಿಮಾಡಿ ತಲೆ ಮೇಲೆ ಹೊದ್ದುಕೊಂಡಳು. "ಏಳ್ರಿ. ತ್ಯಾವಣಿಗೆಗೆ ಹೋಗಾನ. ಹೇಮಾವತಿ ಅಕ್ಕಾರ ಮುಂದೆ, ಅವ್ರ ಭಾವನೋರ ಮುಂದೆ ಹೇಳ್ರಿ. ಅಲ್ಲಿಂದ ಚನ್ನಗಿರಿಗೆ ಹೋಗಿ ನಮ್ಮತ್ತೆ ಮುಂದೆ ಹೇಳ್ರಿ."

"ನೀನು ಬರ್ತೀಯಾ?"

"ಬರ್ತೀನಿ. ಅವ್ರು ಕೇಳೇ ಹೋದ್ರು ಅನ್ನೋದು ಎಲ್ಲಾರ ಕಿವಿಗೆ ಬೀಳೋದನ್ನ ನಾನು ನಿಂತು ನೋಡ್ಬೇಕು. ನಿಮ್ಮ ಸಲುವಾಗಿ ಅಲ್ಲ."

ಟಿವಿಎಸ್ ತಿರುಗಿಸಿದೆ. ಹೊಳೆದಂಡೆಯ ದಾರಿಯೇ ಹಿಡಿದು ಹೊನ್ನಾಳಿಗೆ, ಅಲ್ಲಿಂದ ದೊಡ್ಡ ಸೇತುವೆ ದಾಟಿ ತ್ಯಾವಣಿಗೆಗೆ ಹೋಗಬೇಕು. ಬಿಸಿಲು ಬಿದ್ದು ಹೊಳೆ ಚೆನ್ನಾಗಿ ಕಾಣುತ್ತಿತ್ತು, ಕಾರಿನ ಜನ ಅಲ್ಲಲ್ಲಿ ಇಳಿದು ಫೋಟೊ ತೆಗೆಯುತ್ತಿದ್ದರು. ದಾರಿಯ ತುಂಬ ಮಳೆಗಾಲದ ಗುಂಡಿಗಳು. ಒಂದೊಂದು ಗುಂಡಿ ಬಂದಾಗಲೂ ಅವಳು ಬಿದ್ದಾಳೆಂದು ನಿಧಾನ ಮಾಡಿದೆ, ಈಗ ಹಿಡಿದಾಳು, ಈಗ ಹಿಡಿದಾಳು ಎಂದು ಭುಜವನ್ನು ಸ್ವಲ್ಪ ಹಿಂದಕ್ಕೆ ಕೊಟ್ಟೆ. ರುಹೀನಾ ತ್ಯಾವಣಿಗೆ ಬರುವ ತನಕ ಹಿಂದಿನ ಕಬ್ಬಿಣದ ಕ್ಯಾರಿಯರನ್ನೇ ಹಿಡಿದು ಕೂತಿದ್ದಳು.